ಕ್ರಿಯಾಪದದ ಬಾಲ ಕತ್ತರಿಸಿದ ಪೆಯಾನೊ

ಜುಸೆಪ್ಪೆ ಪೆಯಾನೊ ಹೆಸರು ಗಣಿತ ಓದಿದವರಿಗೆ ಗೊತ್ತು. 1889ರಲ್ಲಿ ಸ್ವಾಭಾವಿಕ ಸಂಖ್ಯೆಗಳನ್ನ ಕೆಲವೇ ನಿಯಮಗಳಲ್ಲಿ ಹಿಡಿದಿಟ್ಟ, ಇಟಲಿಯ ರೈತರ ಮನೆಯ ಹುಡುಗ. 1903ರಲ್ಲಿ ಲ್ಯಾಟಿನ್‌ಗೇ ಕತ್ತರಿ ಹಾಕಿದ. ಯಾರು ಅಂತ ಸರ್ವನಾಮವೇ ಹೇಳುವಾಗ ಕ್ರಿಯಾಪದಕ್ಕೆ ಬಾಲ ಯಾಕೆ? ಅಮೊ, ಅಮಾಸ್, ಅಮಾತ್ ಹೋಗಿ ಮೆ ಅಮ, ತೆ ಅಮ, ಇಲ್ಲೊ ಅಮ ಬಂತು.

ವಿಚಿತ್ರ ಅನಿಸ್ತಾ? ಹುಣಸೂರು ಬಸ್ ಸ್ಟ್ಯಾಂಡಲ್ಲಿ ಕಿವಿಗೊಡಿ. ಹೋಗ್ತೀನಿ, ಹೋಗ್ತೀಯ, ಹೋಗ್ತಾರೆ ಅಂತ ಬಾಲ ಬದಲಾಗುತ್ತೆ, ಮರ್ಯಾದೆಯೂ ಅದರಲ್ಲೇ. ಆದರೆ ನಾನು ಹೋಗಲ್ಲ, ನೀನು ಹೋಗಲ್ಲ, ಅವರು ಹೋಗಲ್ಲ: ಬೇಡ ಅನ್ನುವಾಗ ಧಣಿಗೂ ಆಳಿಗೂ ಒಂದೇ ರೂಪ!

ಪೆಯಾನೊ ತನ್ನ ಗಣಿತ ಮಹಾಗ್ರಂಥದ ಕೊನೆಯ ಆವೃತ್ತಿಯನ್ನೂ ಈ ಭಾಷೆಯಲ್ಲೇ ಬರೆದ, 1908ರಲ್ಲಿ ಮುಗಿಸಿದ. ಎಲ್ಲರಿಗೂ ಸುಲಭವಾಗಲಿ ಅಂತ ಬರೆದದ್ದನ್ನ ಓದಿದವರು ಕಮ್ಮಿ. 1932ರಲ್ಲಿ ತೀರಿಕೊಂಡ, ಹಿಂದಿನ ದಿನವೂ ಪಾಠ ಮಾಡಿದ್ದ.