ಜಮಖಂಡಿಯಲ್ಲಿ ಕಂಡ ಕಿತ್ತಳೆ ಗೆರೆ

ಹರ್ಷೆಲ್ ಎಂದೊಡನೆ ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನು ನೆನಪಿಗೆ ಬರುವುದು ಸಹಜ. ಅವನ ಮೊಮ್ಮಗನೊಬ್ಬನು ಕನ್ನಡ ನೆಲದಲ್ಲಿ ನಿಂತು ಆಕಾಶವನ್ನು ಅರಸಿದ ಸಂಗತಿ ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿಯದು.

ತಾತನು ಸುಮಾರು 2500 ನೀಹಾರಿಕೆಗಳನ್ನೂ ತಾರಾಗುಚ್ಛಗಳನ್ನೂ ಗುರುತಿಸಿದ್ದನು. ತಂದೆ ಸರ್ ಜಾನ್ ಹರ್ಷೆಲನು ದಕ್ಷಿಣದ ಗಗನವನ್ನು ಶೋಧಿಸಲು ಆಫ್ರಿಕದ ಕೇಪ್‌ಟೌನಿನಲ್ಲಿ ನೆಲೆಸಿದ್ದಾಗ, 1837ರಲ್ಲಿ, ಅಲ್ಲಿಯೇ ಕಿರಿಯ ಜಾನ್ ಹುಟ್ಟಿದನು. ಬೆಳೆದು ಸೈನ್ಯದ ಎಂಜಿನಿಯರನಾಗಿ ಭಾರತಕ್ಕೆ ಬಂದು ಭೂಮಾಪನ ಇಲಾಖೆಯನ್ನು ಸೇರಿದನು. ನೆಲವನ್ನು ಅಳೆಯುವುದು ವೃತ್ತಿ. ಮುಗಿಲ ಕಡೆಗೆ ನೋಡುವುದು ಮನೆತನದಿಂದ ಬಂದ ಗುಣ.

ನೀಹಾರಿಕೆಗಳು ದೂರದ ನಕ್ಷತ್ರರಾಶಿಗಳೋ ಬರಿಯ ಅನಿಲವೋ ಎಂಬ ಸಂದೇಹ ತಾತನನ್ನೇ ಕಾಡಿತ್ತು. 1864ರಲ್ಲಿ ಲಂಡನ್ನಿನ ವಿಲಿಯಂ ಹಗಿನ್ಸನು ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕದಿಂದ ಒಂದು ನೀಹಾರಿಕೆಯನ್ನು ನೋಡಿದನು. ಬಣ್ಣಗಳ ಅಖಂಡ ಪಟ್ಟಿಯ ಬದಲು ಕೆಲವೇ ಉಜ್ವಲ ಗೆರೆಗಳು ಕಂಡುವು. ಅದು ಕಾದ ಅನಿಲದ ಗುರುತು. ರಾಯಲ್ ಸೊಸೈಟಿಯು ಕಳುಹಿಸಿದ ಅಂಥದೇ ಉಪಕರಣದಿಂದ ಕಿರಿಯ ಹರ್ಷೆಲನು ಬೆಂಗಳೂರಿನಲ್ಲಿ ದಕ್ಷಿಣದ ನೀಹಾರಿಕೆಗಳನ್ನು ಪರೀಕ್ಷಿಸಿ, ಹಗಿನ್ಸನಿಗೆ ವರದಿ ಬರೆದನು.

1868ರ ಆಗಸ್ಟ್ 18, ಶ್ರಾವಣದ ಅಮಾವಾಸ್ಯೆ. ಪೂರ್ಣ ಸೂರ್ಯಗ್ರಹಣವನ್ನು ನೋಡಲು ಆತನು ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಯಲ್ಲಿ ಬೀಡುಬಿಟ್ಟಿದ್ದನು. ಶ್ರಾವಣದ ಮೋಡ ಎಂಥದೆಂದು ಜೊಯಿಡಾದ ಕಡೆಯವರಿಗೆ ಹೇಳಬೇಕಾಗಿಲ್ಲ; ಬಯಲುಸೀಮೆಯಾದರೂ ಜಮಖಂಡಿಯಲ್ಲಿ ಅಂದು ಮೋಡಗಳು ಅಡ್ಡಬಂದುವು. ಗ್ರಹಣದ ಪೂರ್ಣತೆಯೋ ಕೆಲವೇ ನಿಮಿಷ. ಮೋಡದ ನಡುವಿನ ತೆರಪಿನಲ್ಲಿ, ಸೂರ್ಯನ ಅಂಚಿನಿಂದ ಎದ್ದ ಜ್ವಾಲೆಯಲ್ಲಿ, ಮೂರು ಗೆರೆಗಳು ಹೊಳೆದುವು: ಕೆಂಪು, ಕಿತ್ತಳೆ, ನೀಲಿ. ಜ್ವಾಲೆ ಅನಿಲವೆಂಬುದು ಖಚಿತವಾಯಿತು. ಕಿತ್ತಳೆ ಗೆರೆ ಮಾತ್ರ ಸೋಡಿಯಮ್ಮಿನದೆಂದು ಆತನು ಭಾವಿಸಿದನು.

ಎರಡು ತಿಂಗಳಲ್ಲಿ ಇಂಗ್ಲೆಂಡಿನ ಲಾಕ್ಯರನು, ಗ್ರಹಣದ ಅವಸರವಿಲ್ಲದೆ ನೋಡಿ, ಆ ಗೆರೆಯ ಸ್ಥಾನ ಸೋಡಿಯಮ್ಮಿನದಲ್ಲವೆಂದು ಕಂಡನು. ಅದು ಹೀಲಿಯಮ್. ಸೋಡಿಯಮ್ಮಿನ ಗೆರೆಗಳು 589 ನ್ಯಾನೋಮೀಟರಿನ ಆಸುಪಾಸು, ಹೀಲಿಯಮ್ಮಿನದು 587.6. ಮೋಡದ ಸಂದಿಯಲ್ಲಿ ಇಷ್ಟು ಕೂದಲೆಳೆಯ ಅಂತರ ತಪ್ಪಿದ್ದನ್ನು ದೋಷವೆನ್ನಲು ನನಗೆ ಮನಸ್ಸಿಲ್ಲ.

ತಾತನು 1784ರಲ್ಲಿ ಗುರುತಿಸಿದ ಎನ್‌ಜಿಸಿ 604 ಎಂಬ ಮಸಕು ಚುಕ್ಕೆ, ಎಂ 33 ಎಂಬ ಸುರುಳಿ ಬ್ರಹ್ಮಾಂಡದೊಳಗಿನ ಬೆಳಗುವ ಅನಿಲಮೇಘವೆಂದು ಈಗ ನಾವು ಬಲ್ಲೆವು. ಅಂಥ ಮೇಘಗಳಲ್ಲಿ ಜಲಜನಕ, ಆಮ್ಲಜನಕಗಳ ಗೆರೆಗಳೊಂದಿಗೆ ಅದೇ 587.6ರ ಗೆರೆಯೂ ಇದ್ದು, ಹೀಲಿಯಮ್ಮಿನ ಪ್ರಮಾಣವನ್ನು ತಿಳಿಸುತ್ತದೆ. ಗೆರೆಗಳು ಸ್ವಸ್ಥಾನದಿಂದ ಕೆಂಪಿನತ್ತಲೋ ನೀಲಿಯತ್ತಲೋ ಸರಿದಿರುವುದನ್ನು ಅಳೆದು ಮೇಘಗಳ ವೇಗವನ್ನೂ, ಅದರಿಂದ ಸುರುಳಿಯ ತಿರುಗುವಿಕೆಯನ್ನೂ ಅರಿಯುತ್ತಾರೆ.

1871ರಲ್ಲಿ ಹರ್ಷೆಲನು ರಾಯಲ್ ಸೊಸೈಟಿಯ ಸದಸ್ಯನಾದನು. ಆ ವರ್ಷದ ಡಿಸೆಂಬರಿನ ಗ್ರಹಣಕ್ಕೆ ನೀಲಗಿರಿಯ ದೊಡ್ಡಬೆಟ್ಟವನ್ನು ಹತ್ತಿದನು. 1895ರಲ್ಲಿ ರಾಮ್ಸೆಯು ಹೀಲಿಯಮ್ಮನ್ನು ಭೂಮಿಯ ಖನಿಜವೊಂದರಿಂದಲೇ ಹೊರತೆಗೆದಾಗ ಆತನಿಗೆ ಐವತ್ತೇಳರ ಪ್ರಾಯ. ತೀರಿಕೊಂಡದ್ದು 1921ರಲ್ಲಿ.