ಐವತ್ತರ ನಂತರ ಮರಳಿ ಹಿಡಿದ ಕುಂಚ

ರುಮಾಲೆ ಚನ್ನಬಸವಯ್ಯನವರು ಹುಟ್ಟಿದ್ದು 1910ರಲ್ಲಿ, ದೊಡ್ಡಬಳ್ಳಾಪುರದಲ್ಲಿ. ಚಿತ್ರಕಲೆ ಕಲಿಯುವ ವಯಸ್ಸಿನಲ್ಲೇ ಸ್ವಾತಂತ್ರ್ಯ ಚಳವಳಿಗೆ ಧುಮುಕಿದರು. ಆಮೇಲೆ ಸೇವಾದಳ, ‘ತಾಯಿನಾಡು’ ಪತ್ರಿಕೆಯ ಸಂಪಾದಕತ್ವ, ವಿಧಾನ ಪರಿಷತ್ತಿನ ಸದಸ್ಯತ್ವ. ಇಷ್ಟರಲ್ಲಿ ಬೇರೆ ಯಾರಾದರೂ ಕುಂಚವನ್ನೇ ಮರೆತುಬಿಡುತ್ತಿದ್ದರು. ಇವರು 1962ರ ಹೊತ್ತಿಗೆ ರಾಜಕೀಯವನ್ನೇ ಬಿಟ್ಟರು. ಐವತ್ತು ದಾಟಿದ ಮೇಲೆ ಬೆಂಗಳೂರಿನ ಹೂಬಿಟ್ಟ ಮರಗಳ ಮುಂದೆ ಬಣ್ಣ ಹರಡಿಕೊಂಡು ಕೂತರು. ಗುಲ್‌ಮೊಹರ್, ಕಬ್ಬನ್ ಪಾರ್ಕು, ಲಾಲ್‌ಬಾಗು, ಮತ್ತೆ ಗುಲ್‌ಮೊಹರ್. 1988ರಲ್ಲಿ ತೀರಿಕೊಳ್ಳುವವರೆಗೂ ಅದೇ ಕೆಲಸ.

ಸೆಮಿಸ್ಟರ್‌ಗಳ ಗಡಿಬಿಡಿಯಲ್ಲಿ ನನ್ನ ಸ್ಕೆಚ್ ಪುಸ್ತಕ ಎರಡು ವರ್ಷ ಮುಚ್ಚಿಯೇ ಇತ್ತು. ಇಪ್ಪತ್ತಕ್ಕೇ ತಡವಾಯಿತು ಅಂದುಕೊಂಡಿದ್ದೆ! ಕಳೆದ ಭಾನುವಾರ ದಾವಣಗೆರೆಯಿಂದ ಬಸ್ ಹತ್ತಿ ಹೋಗಿ, ಹರಿಹರದಲ್ಲಿ ತುಂಗಭದ್ರೆಯ ಹಳೇ ಸೇತುವೆ ಬರೆದೆ. ಕಮಾನುಗಳು ಸೊಟ್ಟಗಾದವು. ಪುಟದ ಮೂಲೆಯಲ್ಲಿ ತಾರೀಖು ಹಾಕಿದೆ.