ಬಾಗಿಲು ತೆರೆದರಷ್ಟೇ ಸಾಲದು: ಮೆಡಿಕಲ್ ಕಾಲೇಜಿನಲ್ಲಿ ಕಾದಂಬಿನಿ ಗಂಗೂಲಿ

ನೀಟ್ ಫಲಿತಾಂಶ ಬಂದಾಗಲೆಲ್ಲ ಮೆರಿಟ್ ಅನ್ನೋ ಪದ ಮೈಕೊಡವಿ ಏಳುತ್ತದೆ. ಒಂದು ಅಂಕ ಹೆಚ್ಚು ಬಂದವರು ಅರ್ಹರು, ಒಂದು ಅಂಕ ಕಡಿಮೆಯಾದವರು ಅನರ್ಹರು, ಮಾತು ಮುಗೀತು. ಈ ವಾದ ಕೇಳಿದಾಗ ನನಗೆ ಕಾದಂಬಿನಿ ಗಂಗೂಲಿ ನೆನಪಾಗುತ್ತಾರೆ. ಭಾರತದ ಮೊದಲ ವೈದ್ಯೆಯರಲ್ಲಿ ಒಬ್ಬರು ಅಂತ ಆಕೆಯನ್ನು ಎಲ್ಲರೂ ಹೊಗಳುತ್ತಾರೆ. 2021ರಲ್ಲಿ ಗೂಗಲ್ ಆಕೆಯ ಚಿತ್ರದ ಡೂಡಲ್ ಕೂಡ ಹಾಕಿತ್ತು. ಆದರೆ ಮೊದಲಿಗರು ಅಂತ ಹಾರ ಹಾಕುವ ಗಡಿಬಿಡಿಯಲ್ಲಿ, ಆಕೆ ಯಾವ ಪರೀಕ್ಷೆಯಲ್ಲಿ ಫೇಲಾದರು, ಆಮೇಲೆ ಏನಾಯ್ತು ಅನ್ನೋದನ್ನು ನಾವು ಮರೆತುಬಿಡುತ್ತೇವೆ. ನನ್ನ ಪ್ರಕಾರ ನಮಗೆ ಬೇಕಾದ ಪಾಠ ಇರೋದೇ ಅಲ್ಲಿ.

ಕಾದಂಬಿನಿ ಹುಟ್ಟಿದ್ದು 1861ರಲ್ಲಿ, ಈಗ ಬಿಹಾರದಲ್ಲಿರುವ ಭಾಗಲ್ಪುರದಲ್ಲಿ. ತಂದೆ ಬ್ರಜಕಿಶೋರ್ ಬಸು ಹೆಡ್‌ಮಾಸ್ಟರ್, ಬ್ರಹ್ಮಸಮಾಜದವರು, 1863ರಷ್ಟು ಹಿಂದೆಯೇ ಊರಲ್ಲಿ ಮಹಿಳಾ ಸಮಿತಿ ಕಟ್ಟಿದವರಲ್ಲಿ ಒಬ್ಬರು. ಮಗಳನ್ನು ಓದಲು ಕಲ್ಕತ್ತಾಕ್ಕೆ ಕಳಿಸಿದರು. ಅಲ್ಲಿ ಮೇಷ್ಟ್ರಾಗಿ ಸಿಕ್ಕವರು ದ್ವಾರಕಾನಾಥ ಗಂಗೂಲಿ. ಹೆಣ್ಣುಮಕ್ಕಳು ಯೂನಿವರ್ಸಿಟಿ ಪರೀಕ್ಷೆ ಬರೆಯಲು ಅವಕಾಶ ಕೊಡಿ ಅಂತ ಹಠ ಹಿಡಿದು ಓಡಾಡಿದವರು ಅವರು. 1878ರಲ್ಲಿ ಕಾದಂಬಿನಿ ಎಂಟ್ರೆನ್ಸ್ ಪಾಸಾದರು. ಫಸ್ಟ್ ಕ್ಲಾಸ್ ತಪ್ಪಿದ್ದು ಒಂದೇ ಒಂದು ಅಂಕದಿಂದ. ಮುಂದೆ ಓದಲು ಹೆಣ್ಣುಮಕ್ಕಳಿಗೆ ಕಾಲೇಜೇ ಇರಲಿಲ್ಲ. ಹಾಗಾಗಿ ಬೆಥೂನ್ ಶಾಲೆಯಲ್ಲಿ ಕಾಲೇಜು ತರಗತಿ ಶುರುವಾಯಿತು, ಅದೂ ಈ ಒಬ್ಬಳೇ ವಿದ್ಯಾರ್ಥಿನಿಗಾಗಿ. 1883ರಲ್ಲಿ ಆಕೆ ಮತ್ತು ಚಂದ್ರಮುಖಿ ಬಸು ಬಿಎ ಪದವಿ ಪಡೆದು, ದೇಶದ ಮೊದಲ ಮಹಿಳಾ ಪದವೀಧರರಾದರು.

ಮುಂದಿನ ಹೆಜ್ಜೆ ಕಲ್ಕತ್ತಾ ಮೆಡಿಕಲ್ ಕಾಲೇಜು. ಮದ್ರಾಸ್ ಮೆಡಿಕಲ್ ಕಾಲೇಜು 1875ರಲ್ಲೇ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿತ್ತು. ಕಲ್ಕತ್ತಾ ಮಾತ್ರ ಜಗ್ಗಲಿಲ್ಲ. ಇಲ್ಲಿ ಸೀಟು ಸಿಗದ ಅಬಲಾ ದಾಸ್ ಎಂಬ ವಿದ್ಯಾರ್ಥಿನಿ 1882ರಲ್ಲಿ ಓದಲೆಂದು ದೂರದ ಮದ್ರಾಸಿಗೆ ಹೋಗಬೇಕಾಯ್ತು. ಮುಂದೆ ವಿಜ್ಞಾನಿ ಜಗದೀಶ್ ಚಂದ್ರ ಬೋಸರನ್ನು ಮದುವೆಯಾದವರು ಇವರೇ. ಕಾದಂಬಿನಿ ಅರ್ಜಿಗೂ ಕಾಲೇಜಿನ ಪ್ರಾಧ್ಯಾಪಕರ ಮಂಡಳಿ ಅಡ್ಡಗಾಲು ಹಾಕಿತು. ಕೊನೆಗೆ 1883ರಲ್ಲಿ ಬಂಗಾಳದ ಲೆಫ್ಟಿನೆಂಟ್ ಗವರ್ನರ್ ರಿವರ್ಸ್ ಥಾಂಪ್ಸನ್ ಮಂಡಳಿಯ ಮಾತನ್ನು ತಳ್ಳಿಹಾಕಿ ಬಾಗಿಲು ತೆರೆಸಿದರು. ಗಂಡು ಡಾಕ್ಟರ ಕೈಗೆ ಹೋಗೋದಕ್ಕಿಂತ ಸಾಯೋದೇ ಮೇಲು ಎನ್ನುವ ಹೆಂಗಸರಿಗೆ ಹೆಣ್ಣು ಡಾಕ್ಟರು ಬೇಕು ಅನ್ನೋದು ಸರ್ಕಾರದ ವಾದ. ಗಮನಿಸಿ, ಓದೋದು ಹೆಣ್ಣುಮಕ್ಕಳ ಹಕ್ಕು ಅಂತ ಯಾರೂ ಹೇಳಲಿಲ್ಲ. ಸರ್ಕಾರ ನೋಡಿದ್ದು ಉಪಯೋಗವನ್ನು. ಉಪಯೋಗದ ಹೆಸರಲ್ಲಿ ಒಳಗೆ ಬಿಟ್ಟವರನ್ನು ಒಳಗಿದ್ದವರು ಹೇಗೆ ನಡೆಸಿಕೊಳ್ಳುತ್ತಾರೆ ಅನ್ನೋದಕ್ಕೆ ಮುಂದಿನ ವರ್ಷಗಳೇ ಸಾಕ್ಷಿ.

ಅದೇ 1883ರಲ್ಲಿ ಆಕೆ ದ್ವಾರಕಾನಾಥರನ್ನು ಮದುವೆಯಾದರು. ಅವರು ವಿಧುರರು, ವಯಸ್ಸಿನಲ್ಲಿ ತುಂಬಾ ದೊಡ್ಡವರು, ಮೇಲಾಗಿ ಗುರು. ಸುಧಾರಣೆ ಮಾತಾಡುತ್ತಿದ್ದ ಎಷ್ಟೋ ಬ್ರಹ್ಮ ಗೆಳೆಯರಿಗೂ ಇದು ಹಿಡಿಸಲಿಲ್ಲ. ಕಾದಂಬಿನಿ ಮಾತ್ರ ಸರ್ಕಾರ ಕೊಟ್ಟ ತಿಂಗಳಿಗೆ 20 ರೂಪಾಯಿ ಸ್ಕಾಲರ್‌ಶಿಪ್‌ನಲ್ಲಿ ಓದು ಮುಂದುವರಿಸಿದರು. ಓದುತ್ತಿದ್ದಾಗಲೇ ಬಸುರಿಯಾದರು, ಹೆತ್ತರು. ಹೆರಿಗೆಗಾಗಿ ಆಕೆ ರಜೆ ಹಾಕಿದ್ದು ಹದಿಮೂರೇ ದಿನ ಅಂತ 1888ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಗೆಳತಿಯೊಬ್ಬರಿಗೆ ಬರೆದ ಪತ್ರದಲ್ಲಿ ಬೆರಗಿನಿಂದ ದಾಖಲಿಸಿದ್ದಾರೆ. ಈ ಸಂಗತಿಯನ್ನು ಜನ ಆಕೆಯ ಛಲಕ್ಕೆ ಉದಾಹರಣೆ ಅಂತ ಹೇಳುತ್ತಾರೆ. ಛಲ ಹೌದು. ಆದರೆ ಹದಿಮೂರು ದಿನಕ್ಕಿಂತ ಹೆಚ್ಚು ಮಲಗಿದ್ದರೆ ಹೆಣ್ಣಿಗೆ ಡಾಕ್ಟರಿಕೆ ಯಾಕೆ ಎನ್ನಲು ಎಷ್ಟು ಜನ ಕಾದಿದ್ದರೋ ಅಂತ ನಾನು ಯೋಚಿಸುತ್ತೇನೆ.

ಕೊನೆಯ ಪರೀಕ್ಷೆಯಲ್ಲಿ ಆಕೆಯನ್ನು ಒಂದು ವಿಷಯದಲ್ಲಿ ಫೇಲು ಮಾಡಲಾಯಿತು. ಹೆಣ್ಣುಮಕ್ಕಳು ವೈದ್ಯಕೀಯ ಓದುವುದನ್ನೇ ವಿರೋಧಿಸುತ್ತಿದ್ದ ಪ್ರಾಧ್ಯಾಪಕರೊಬ್ಬರ ಕೈವಾಡ ಇದರಲ್ಲಿತ್ತು ಎಂಬ ಮಾತು ಆಕೆಯ ಜೀವನಕಥೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಎಂಬಿ ಪದವಿ ಕೈತಪ್ಪಿತು. ಕಾಲೇಜು 1886ರಲ್ಲಿ ಜಿಬಿಎಂಸಿ, ಅಂದರೆ ಬೆಂಗಾಲ್ ಮೆಡಿಕಲ್ ಕಾಲೇಜಿನ ಪದವೀಧರೆ ಎಂಬ ಪತ್ರ ಕೊಟ್ಟಿತು. ಪ್ರಾಕ್ಟೀಸ್ ಮಾಡಲು ಅದು ಸಾಕಿತ್ತು, ತಲೆಯೆತ್ತಿ ನಿಲ್ಲಲು ಸಾಲುತ್ತಿರಲಿಲ್ಲ. ಅದೇ ವರ್ಷ ಆನಂದಿಬಾಯಿ ಜೋಶಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಂಡಿ ಪದವಿ ಪಡೆದು ಊರಿಗೆ ಮರಳಿದರು, ಮರುವರ್ಷವೇ ಕ್ಷಯಕ್ಕೆ ಬಲಿಯಾದರು. ಇಬ್ಬರಲ್ಲಿ ಯಾರು ಮೊದಲು ಅನ್ನೋ ಜಗಳ ಇವತ್ತಿಗೂ ನಡೆಯುತ್ತೆ. ನನಗೆ ಅದರಲ್ಲಿ ಆಸಕ್ತಿ ಇಲ್ಲ.

ಕಾದಂಬಿನಿ ಲೇಡಿ ಡಫರಿನ್ ಆಸ್ಪತ್ರೆಯಲ್ಲಿ ತಿಂಗಳಿಗೆ 300 ರೂಪಾಯಿ ಸಂಬಳಕ್ಕೆ ಸೇರಿದರು, ಸ್ವಂತ ಪ್ರಾಕ್ಟೀಸನ್ನೂ ಮಾಡಿದರು. 1891ರಲ್ಲಿ ಬಂಗಬಾಸಿ ಎಂಬ ಸನಾತನಿ ಪತ್ರಿಕೆ ಆಕೆಯನ್ನು ಸೂಳೆ ಎನ್ನುವಂತೆ ಬರೆಯಿತು. ಗಂಡ ಹೆಂಡತಿ ಸುಮ್ಮನೆ ಕೂರದೆ ಕೋರ್ಟಿಗೆ ಹೋದರು. ಸಂಪಾದಕ ಮಹೇಶ್ ಚಂದ್ರ ಪಾಲ್‌ಗೆ ಆರು ತಿಂಗಳು ಜೈಲು, 100 ರೂಪಾಯಿ ದಂಡ ಆಯಿತು. ಇವತ್ತು ಆನ್‌ಲೈನ್ ಟ್ರೋಲ್‌ಗಳಿಂದ ಬೇಸತ್ತ ಗೆಳತಿಯರಿಗೆ ನಾನು ಈ ಕೇಸನ್ನು ನೆನಪಿಸುತ್ತಿರುತ್ತೇನೆ.

ಕೈಯಲ್ಲಿದ್ದ ಪತ್ರಕ್ಕೆ ಬೆಲೆ ಸಿಗದಾಗ ಆಕೆ 1893ರಲ್ಲಿ ಚಿಕ್ಕ ಮಕ್ಕಳನ್ನು ಮನೆಯವರ ಕೈಲಿಟ್ಟು ಬ್ರಿಟನ್ನಿಗೆ ಹಡಗು ಹತ್ತಿದರು. ಅದೇ ವರ್ಷ ಸ್ಕಾಟ್ಲೆಂಡಿನ ವೈದ್ಯಕೀಯ ಸಂಸ್ಥೆಗಳ ಡಿಪ್ಲೊಮಾ ಗೆದ್ದು ವಾಪಸ್ ಬಂದರು. ಕಲ್ಕತ್ತಾದಲ್ಲಿ ಎಂಬಿಗೆ ಅನರ್ಹರಾಗಿದ್ದವರು ಕೆಲವೇ ತಿಂಗಳಲ್ಲಿ ಎಡಿನ್‌ಬರೋದಲ್ಲಿ ಅರ್ಹರಾದರು. ಬದಲಾಗಿದ್ದು ಆಕೆಯ ಬುದ್ಧಿಯೋ, ಅಂಕ ಹಾಕುವ ಕೈಯೋ?

ಡಾಕ್ಟರಿಕೆ ಒಂದೇ ಆಕೆಯ ಬದುಕಾಗಿರಲಿಲ್ಲ. 1889ರ ಬಾಂಬೆ ಕಾಂಗ್ರೆಸ್ ಅಧಿವೇಶನಕ್ಕೆ ಪ್ರತಿನಿಧಿಯಾಗಿ ಹೋದರು, 1890ರ ಕಲ್ಕತ್ತಾ ಅಧಿವೇಶನದ ವೇದಿಕೆಯಿಂದ ಮಾತಾಡಿದರು. ಅರವತ್ತು ದಾಟಿದ ಮೇಲೆ, 1922ರಲ್ಲಿ, ಕವಯಿತ್ರಿ ಕಾಮಿನಿ ರಾಯ್ ಜೊತೆ ಬಿಹಾರ ಮತ್ತು ಒರಿಸ್ಸಾದ ಗಣಿಗಳಲ್ಲಿ ದುಡಿಯುವ ಹೆಂಗಸರ ಸ್ಥಿತಿ ತಿಳಿಯಲು ಹೋದರು. 1923ರ ಅಕ್ಟೋಬರ್ 3ರಂದು ಒಂದು ಆಪರೇಷನ್ ಮುಗಿಸಿ ಬಂದು, ಅದೇ ದಿನ ತೀರಿಕೊಂಡರು.

ಇಷ್ಟು ಹೇಳಿ ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯ. ಕಾದಂಬಿನಿಗೆ ಓದಿದ ಅಪ್ಪ ಇದ್ದರು, ಜೊತೆಗೆ ಹೋರಾಡುವ ಗಂಡ ಇದ್ದರು, ಮೇಲ್ಜಾತಿಯ ಆಸರೆ ಇತ್ತು, ಇಂಗ್ಲಿಷ್ ಬರುತ್ತಿತ್ತು. ಇಷ್ಟೆಲ್ಲ ಇದ್ದವರಿಗೇ ಮೆಡಿಕಲ್ ಕಾಲೇಜು ಈ ಪಾಡು ಪಡಿಸಿತು. ಇದ್ಯಾವುದೂ ಇಲ್ಲದೆ ತಾಲ್ಲೂಕಿನ ಸರ್ಕಾರಿ ಕಾಲೇಜಿಂದ ಬಂದ, ಮನೆಯಲ್ಲಿ ಮೊದಲ ಬಾರಿಗೆ ಓದುತ್ತಿರುವ ದಲಿತ ಹುಡುಗಿಯನ್ನು ಯೋಚಿಸಿ. ಅವಳ ನೀಟ್ ಅಂಕದ ಬಗ್ಗೆ ನಾವು ದಿನವಿಡೀ ವಾದ ಮಾಡುತ್ತೇವೆ. ಸೀಟು ಸಿಕ್ಕ ಮೇಲೆ ವೈವಾದಲ್ಲಿ ಅವಳ ಎದುರು ಕೂತವರು ಯಾರು, ಹಾಸ್ಟೆಲಿನಲ್ಲಿ ಅವಳಿಗೆ ಯಾವ ಹೆಸರಿಟ್ಟಿದ್ದಾರೆ, ವಾರ್ಡಿನಲ್ಲಿ ಕಲಿಯುವ ಕೆಲಸ ಯಾರಿಗೆ ಕೊಟ್ಟು ಬರಿಯ ಚಾಕರಿ ಯಾರಿಗೆ ಹಚ್ಚುತ್ತಾರೆ ಅಂತ ಕೇಳುವವರು ಕಡಿಮೆ. ಸೀಟಿನ ಲೆಕ್ಕದ ಜೊತೆಗೆ ಈ ಲೆಕ್ಕವನ್ನೂ ನಾವು ಕೇಳಬೇಕು.